ಒಂದು ಅಂಕಿ, ಒಂದು ಹೆಸರು

ಇದು ನಡೆದದ್ದು ಹೋದ ವರ್ಷ, ಮುಂಗಾರು ಶುರುವಾಗುವುದಕ್ಕೆ ಮೊದಲಿನ ವಾರಗಳಲ್ಲಿ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಕಲಿಸುವುದು ಪ್ರೋಗ್ರಾಂ ಬರೆಯುವ ವಿದ್ಯೆ. ಗುರು ಚಂದ್ರಮತಿ. ಶಿಷ್ಯರು ಎದುರಿಗೆ ‘ಗುರುಗಳೇ’ ಎನ್ನುತ್ತಿದ್ದರು, ಮರೆಯಲ್ಲಿ ‘ಅಮ್ನೋರು’ ಎನ್ನುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು.

ಆಶ್ರಮದ ಕೆಳಗೆ ಹೊಳೆಗೆ ಅಡ್ಡವಾಗಿ ಸಾಲುಗಲ್ಲು ಹಾಕಿದ್ದರು. ಆಚೆ ದಡದವರು ಕೂಲಿಗೆ, ಸಂತೆಗೆ, ಆಸ್ಪತ್ರೆಗೆ ಆ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟೇ ಬರಬೇಕು. ಮೇಲೆ ಎಲ್ಲೋ ಅಣೆಕಟ್ಟಿನ ಗೇಟು ತೆರೆದರೆ ಇಲ್ಲಿ ಸುಡು ಬಿಸಿಲಲ್ಲೂ ನೀರು ಏರುತ್ತಿತ್ತು.

ಅದಕ್ಕೇ ಆ ವರ್ಷ ಶಿಷ್ಯರು ಒಂದು ಪ್ರೋಗ್ರಾಂ ಬರೆಯುತ್ತಿದ್ದರು. ಹೊಳೆಯ ಮೇಲ್ಭಾಗದ ಒಂದು ಬಂಡೆಗೆ ನೀರಳೆಯುವ ಯಂತ್ರ ಕಟ್ಟಿದ್ದರು. ಅಲ್ಲಿ ನೀರು ಐದು ಅಡಿ ಮುಟ್ಟಿದ ಕೂಡಲೇ ಸಾಲುಗಲ್ಲಿನ ಪಕ್ಕದ ಸೈರನ್ ಕೂಗಬೇಕು, ದಾಟುವವರ ಫೋನುಗಳು ಬಡಿದುಕೊಳ್ಳಬೇಕು. ಐದು ನಿಮಿಷ ಬಿಟ್ಟು ಮತ್ತೆ ಕೂಗಬೇಕು. ಮಳೆಗಾಲದಲ್ಲಿ ಆ ಜನಕ್ಕೆ ಇದೇ ದಿಕ್ಕು.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಹಗಲು ಬರೆದ ಕೋಡನ್ನು ಸಂಜೆ ಗಟ್ಟಿಯಾಗಿ ಓದಬೇಕು. ಬರೆದವರು ಓದುವಂತಿಲ್ಲ, ಬೇರೆಯವರು ಓದಬೇಕು. ಬರೆದವರು ಎದುರಿಗೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಅದು ಮುಗಿಯದೆ ಒಂದು ಸಾಲೂ ಯಂತ್ರದೊಳಗೆ ಹೋಗುವಂತಿಲ್ಲ.

ಇಂದುಧರನಿಗೆ ಈ ಓದು ಕಂಡರೆ ಆಗುತ್ತಿರಲಿಲ್ಲ. ಮೂವರು ಶಿಷ್ಯರಲ್ಲಿ ಅವನೇ ಚುರುಕು. ಮಾದೇವಿ ಸಾಲುಸಾಲಿಗೂ “ಇದ್ಯಾಕೆ? ಅದ್ಯಾಕೆ?” ಎಂದು ತಡೆಯುತ್ತಿದ್ದಳು. ನಂದೀಶ ಕಂಬಕ್ಕೆ ಒರಗಿದರೆ ಗೊರಕೆ ಹೊಡೆಯುತ್ತಿದ್ದ. ಸೊಳ್ಳೆ ಬೇರೆ.

ಒಂದು ದಿನ ಅವನು ಗುರುಗಳ ಹತ್ತಿರ ಹೋದ.

“ಗುರುಗಳೇ, ದಿನಾ ಅದೇ ತಪ್ಪುಗಳು. ಅವನ್ನು ಹುಡುಕೋಕೆ ಮೂರು ಜನ ಸಂಜೆಯೆಲ್ಲ ಕೂರಬೇಕೇ?”

“ಮತ್ತೇನು ಮಾಡೋಣ ಅಂತೀಯ?”

“ನಿಯಮ ಬರೀತೀನಿ. ತಪ್ಪಿನ ಆಕಾರ ಹೀಗಿರುತ್ತೆ ಅಂತ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಹೇಳಿಟ್ಟರೆ ಸಾಕು. ಕಂಪ್ಯೂಟರೇ ಒಂದೊಂದು ಸಾಲನ್ನೂ ನೋಡಿ, ಆ ಆಕಾರ ಸಿಕ್ಕಿದ ಕಡೆ ಕೆಂಪು ಗೆರೆ ಎಳೆಯುತ್ತೆ. ಇದಕ್ಕೆ ಲಿಂಟ್ ಅಂತಾರೆ. ನಮಗೆ ಬೇಕಾದ ನಿಯಮಗಳನ್ನು ನಾವೇ ಮಾಡಿಕೊಳ್ಳಬಹುದು.”

“ಒಳ್ಳೇದಾಯ್ತು. ಬರಿ.”

“ಬರೆದ ಮೇಲೆ ಸಂಜೆಯ ಓದು ನಿಲ್ಲಿಸಬಹುದಾ?”

ಗುರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.

“ಅದಕ್ಕೆ ಮುಂಚೆ ನಮ್ಮ ಬಾಗಿಲಿಗೆ ಒಂದು ನಿಯಮ ಮಾಡಿಕೊಡು. ಅಡುಗೆಮನೆಗೆ ನಾಯಿ ನುಗ್ತಾ ಇದೆ. ಇವತ್ತು ನಂದೀಶ ಕಾವಲು. ಅವನಿಗೆ ನಾಯಿ ಅಂದರೆ ಏನು ಅಂತ ಗೊತ್ತಿಲ್ಲ ಅಂದುಕೋ. ಆಕಾರ ಮಾತ್ರ ಹೇಳು.”

“ಅದೇನು ಮಹಾ. ನಾಲ್ಕು ಕಾಲು, ಒಂದು ಬಾಲ ಇದ್ದರೆ ಒಳಗೆ ಬಿಡಬಾರದು.”

“ನಂದೀಶ, ಕೇಳಿಸಿತಾ?”

“ಕೇಳಿಸಿತು ಗುರುಗಳೇ. ನಾಲ್ಕು ಕಾಲು, ಒಂದು ಬಾಲ. ನಾನೀಗ ಯಂತ್ರ.”

ಸಂಜೆ ಮೇಯಲು ಹೋದ ಹಸು ಮರಳಿ ಬಂತು. ನಂದೀಶ ಕಾಲು ಎಣಿಸಿದ, ಬಾಲ ನೋಡಿದ, ಬಾಗಿಲು ಹಾಕಿದ. ಹೊರಗೆ ಹಸು ಕೂಗಿತು. ಒಳಗೆ ಕರು ಕೂಗಿತು. ಆ ಗದ್ದಲದ ನಡುವೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು.

ಮಾದೇವಿ ಓಡಿದಳು. ಕುಂಟ ನಾಯಿ ಮೊಸರನ್ನದ ಪಾತ್ರೆಯಲ್ಲಿ ಮೂತಿ ಹುದುಗಿಸಿ ನಿಂತಿತ್ತು.

“ನಂದೀಶಾ! ನಿನ್ನ ಕಣ್ಣೆದುರಿಗೇ ಒಳಗೆ ಬಂತಲ್ಲೋ ಇದು!”

“ಎಣಿಸಿದೆ ಕಣೇ. ಮೂರೇ ಕಾಲು ಇತ್ತು.”

“ಬಾಲ ಕಾಣಲಿಲ್ವೇ?”

“ಕಾಣಿಸಿತು. ಎರಡೂ ಹೊಂದಿದರೆ ತಾನೇ ತಡೆಯಬೇಕಾದ್ದು? ಇಂದೂನ್ನೇ ಕೇಳು.”

ಗುರು ಎದ್ದು ಹೋಗಿ ಹಸುವನ್ನು ಒಳಗೆ ಬಿಟ್ಟರು.

ಊಟದ ಹೊತ್ತಿಗೆ ಇಂದುಧರ ಅವರ ಮುಂದೆ ಬಂದು ಕೂತ. ಮುಖ ಗಂಭೀರವಾಗಿತ್ತು.

“ಅರ್ಥವಾಯಿತು ಗುರುಗಳೇ.”

“ಏನು ಅರ್ಥವಾಯಿತು?”

“ನಿಯಮ ಇನ್ನೂ ಬಿಗಿಯಾಗಿರಬೇಕಿತ್ತು.”

ಗುರು ಅವನ ತಟ್ಟೆಯತ್ತ ನೋಡಿದರು.

“ಮೊಸರನ್ನ ಇಲ್ಲಪ್ಪ. ಇವತ್ತು ಬರೀ ಸಾರು,” ಎಂದರು.

ಮಾರನೆಯ ದಿನ ಅವನಿಗೆ ಅಪ್ಪಣೆ ಸಿಕ್ಕಿತು.

“ಓದು ಸದ್ಯಕ್ಕೆ ನಿಲ್ಲಲಿ. ಅಣೆಕಟ್ಟಿನಿಂದ ಮೊದಲ ಸಲ ನೀರು ಬಿಡುವ ದಿನ ಪರೀಕ್ಷೆ. ಸೈರನ್ ಸರಿಯಾಗಿ ಕೂಗಿದರೆ ಓದು ಪೂರ್ತಿ ನಿಂತಹಾಗೆ. ಅಲ್ಲಿಂದಾಚೆ ನಿನ್ನ ನಿಯಮಗಳೇ ಬಾಗಿಲು ಕಾಯಲಿ.”

ಇಂದುಧರ ಕೂತಲ್ಲೇ ಎರಡು ಇಂಚು ಬೆಳೆದ.

ಅವನ ಮೊದಲನೆಯ ನಿಯಮ ಹೀಗಿತ್ತು. ಕೋಡಿನ ನಡುವೆ ಯಾವ ಅಂಕಿಯೂ ಬರಿಮೈಯಲ್ಲಿ ನಿಲ್ಲಬಾರದು. ಪ್ರತಿ ಅಂಕಿಗೂ ಮೇಲೆ ಒಂದು ಹೆಸರು ಕೊಟ್ಟು, ಕೆಳಗೆ ಆ ಹೆಸರನ್ನೇ ಬಳಸಬೇಕು. ಬರೀ ಐದು ಎಂದು ಬರೆದರೆ ಓದುವವನಿಗೆ ಅದು ಯಾತರ ಐದು ಎಂದು ತಿಳಿಯದು. ಹೆಸರಿದ್ದರೆ ತಿಳಿಯುತ್ತದೆ.

ನಿಯಮ ಒಳ್ಳೆಯದೇ. ಮಾದೇವಿಯ ಕೋಡಿನ ತುಂಬ ಕೆಂಪು ಗೆರೆಗಳು ಎದ್ದವು.

ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೇಲ್ಗಡೆ ಒಂದು ಸಾಲು ಸೇರಿಸಿದಳು: ಐದು = 5.

ಕೆಂಪು ಗೆರೆಗಳೆಲ್ಲ ಮಾಯ.

“ಇದೇನು ಚೇಷ್ಟೆ?” ಎಂದ ಇಂದುಧರ.

“ಹೆಸರು ಕೊಡು ಅಂದೆ. ಕೊಟ್ಟೆ. ನಿನ್ನ ನಿಯಮ ಒಪ್ಪಿತು, ನಿನ್ನದೇನು ತಕರಾರು?”

ಅವನು ಎರಡನೆಯ ನಿಯಮ ಬರೆದ. ಅಂಕಿಯ ಹೆಸರನ್ನೇ ಅಂಕಿಗೆ ಇಡುವಂತಿಲ್ಲ. ಮಾದೇವಿ ಗೊಣಗಿಕೊಂಡು ಸರಿಯಾದ ಹೆಸರುಗಳನ್ನೇ ಇಟ್ಟಳು. ನೀರು ಎಷ್ಟು ಏರಿದರೆ ಕೂಗಬೇಕು ಎಂಬುದಕ್ಕೆ ‘ಅಪಾಯದಮಟ್ಟ’. ಎರಡು ಕೂಗಿನ ನಡುವೆ ಎಷ್ಟು ಕಾಯಬೇಕು ಎಂಬುದಕ್ಕೆ ‘ಬಿಡುವು’. ಎರಡಕ್ಕೂ ಬೆಲೆ ಐದು.

ಇಂದುಧರನ ಕಣ್ಣಿಗೆ ಅದೂ ಹಿಡಿಸಲಿಲ್ಲ. ಒಂದೇ ಅಂಕಿಯನ್ನು ಎರಡು ಕಡೆ ಬರೆದಿಟ್ಟರೆ ನಾಳೆ ಯಾರೋ ಒಂದು ಕಡೆ ತಿದ್ದುತ್ತಾರೆ, ಇನ್ನೊಂದು ಕಡೆ ಮರೆಯುತ್ತಾರೆ. ಅವನು ಅಂಥದ್ದನ್ನು ನೋಡಿದ್ದ. ಮೂರನೆಯ ನಿಯಮ ಬರೆದ: ಒಂದು ಅಂಕಿ, ಒಂದು ಹೆಸರು. ಸಮ ಚಿಹ್ನೆಯ ಮುಂದೆ ಬಂದ ಅಂಕಿ ಮುಂದೆಲ್ಲಾದರೂ ಇನ್ನೊಂದು ಸಮ ಚಿಹ್ನೆಯ ಮುಂದೆ ಮತ್ತೆ ಬಂದರೆ ಕೆಂಪು ಗೆರೆ. ಒಂದೇ ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್. ಅದು ಮೊದಲ ಸಲಕ್ಕೇ ಕೆಲಸ ಮಾಡಿದ್ದಕ್ಕೆ ಅವನಿಗೆ ತನ್ನ ಮೇಲೇ ಪ್ರೀತಿ ಉಕ್ಕಿತು.

ಮಾದೇವಿ ಬಂದು ನಿಂತಳು.

“ಇದು ಅಡಿ, ಅದು ನಿಮಿಷ. ನೀರಿನ ಐದು ಬೇರೆ, ಗಡಿಯಾರದ ಐದು ಬೇರೆ.”

“ನಿಯಮಕ್ಕೆ ಅಡಿ, ನಿಮಿಷ ಕಾಣೋದಿಲ್ಲ. ಅಂಕಿ ಕಾಣುತ್ತೆ.”

“ನಿಯಮಕ್ಕೆ ಕಾಣೋದಿಲ್ಲ, ಸರಿ. ನಿನಗೆ?”

“ಒಬ್ಬರಿಗೆ ಅಂತ ಬಿಟ್ಟುಕೊಟ್ಟರೆ ಆಮೇಲೆ ನಿಯಮ ಯಾಕೆ? ಗೆರೆ ಹೋಗೋ ಹಾಗೆ ಬರಿ.”

ಅವಳು ಹೋಗಿ ಕೂತಳು. ಎರಡು ಹೆಸರು ಅಳಿಸಿದಳು. ಒಂದೇ ಹೆಸರು ಇಟ್ಟಳು: ಮಿತಿ = 5. ಎರಡು ಜಾಗದಲ್ಲೂ ‘ಮಿತಿ’ ಎಂದೇ ಬರೆದಳು.

ಗೆರೆ ಹೋಯಿತು.

“ಸಮಾಧಾನವಾಯ್ತಾ ದೊರೆ?”

“ಆಯ್ತು.”

“ನಿಮ್ಮ ರಾಜ್ಯ ಸುಖವಾಗಿರಲಿ,” ಎಂದು ಅವಳು ಎದ್ದುಹೋದಳು.

ಅಲ್ಲಿಂದಾಚೆ ಅವಳು ಯಾರನ್ನೂ ಏನೂ ಕೇಳಲಿಲ್ಲ. ಗೆರೆ ಬಂದರೆ ಗೆರೆ ಹೋಗುವ ಹಾಗೆ ಬರೆದಳು. ನಂದೀಶನೂ ಹಾಗೇ ಮಾಡಿದ. ಸಂಜೆಗಳು ಖಾಲಿಯಾದವು. ಇಂದುಧರ ಒಬ್ಬನೇ ಹೊಳೆಯ ದಂಡೆಯಲ್ಲಿ ಓಡಾಡುತ್ತಿದ್ದ. ಪರದೆಯ ಮೇಲೆ ಒಂದೂ ಕೆಂಪು ಗೆರೆ ಇಲ್ಲದಿರುವುದನ್ನು ನೆನೆದು ಅವನಿಗೆ ಹಾಯೆನಿಸುತ್ತಿತ್ತು.

ಸೈರನ್ನಿನ ಸದ್ದು ಎಷ್ಟು ದೂರ ಕೇಳುತ್ತದೆ ಎಂದು ನೋಡಲು ಒಂದು ದಿನ ಮಧ್ಯಾಹ್ನ ಅದನ್ನು ಕೂಗಿಸಿದರು. ಸಂಜೆಗೆ ಆಚೆ ದಡದಿಂದ ಒಬ್ಬ ಅಜ್ಜಿ ಬಂದಳು.

“ಐದೈದು ನಿಮಿಷಕ್ಕೆ ಹಿಂಗೆ ಬೊಬ್ಬೆ ಹೊಡೆದರೆ ನಮ್ಮನೆ ಬಾಣಂತಿ ಏನು ಮಾಡಬೇಕವ್ವಾ? ಮಗ ಮಲಗ್ತಿದ್ದಂಗೇ ಕೂಗ್ತದೆ.”

“ಹೌದು ತಾಯಿ, ಅದು ಅತಿಯಾಯಿತು,” ಎಂದರು ಗುರು. “ನಂದೀಶ, ಬಿಡುವು ಇಪ್ಪತ್ತು ನಿಮಿಷ ಮಾಡಪ್ಪ.”

ನಂದೀಶ ಕೋಡು ತೆರೆದ. ಕೂಗಿದ ಮೇಲೆ ಎಷ್ಟು ಕಾಯಬೇಕು ಎಂಬ ಸಾಲು ಹುಡುಕಿದ. ಅಲ್ಲಿ ‘ಮಿತಿ’ ಎಂದಿತ್ತು. ಮೇಲೆ ಹೋಗಿ ಮಿತಿಯ ಐದನ್ನು ಅಳಿಸಿ ಇಪ್ಪತ್ತು ಮಾಡಿದ.

“ಇಂದೂ, ತಿದ್ದಿದೆ. ಒಂದು ಸಲ ನೋಡ್ತೀಯಾ?”

“ಕೆಂಪು ಗೆರೆ ಬಂತಾ?”

“ಇಲ್ಲ.”

“ಮತ್ತೆ ನೋಡೋಕೇನಿದೆ? ಕಳಿಸು.”

ಮೊದಲಾಗಿದ್ದರೆ ಆ ಸಾಲುಗಳನ್ನು ಅವತ್ತು ಸಂಜೆ ಮಾದೇವಿ ಓದುತ್ತಿದ್ದಳು. ಅವಳು ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು.

ಪರೀಕ್ಷೆಯ ದಿನ ಬಂತು.

“ಇವತ್ತು ಅಣೆಕಟ್ಟಿನ ಗೇಟು ತೆರೀತಾರೆ,” ಎಂದರು ಗುರು. “ಸಂಜೆಯವರೆಗೂ ದಾಟಬೇಡಿ ಅಂತ ಆಚೆಯವರಿಗೆ ಹೇಳಿಕಳಿಸಿದ್ದೇನೆ. ಪ್ರೋಗ್ರಾಂ ಸಿದ್ಧವಾ?”

“ಸಿದ್ಧ ಗುರುಗಳೇ. ಒಂದೂ ತಪ್ಪಿಲ್ಲ.”

“ನಿನ್ನ ನಿಯಮಗಳು ಸಾಕು?”

“ಸಾಕು.”

“ಸರಿ, ಬಾ.”

ಗುರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು. ಸಾಲುಗಲ್ಲುಗಳ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಹೊಳೆಯ ನಡುವಿನ ಕಲ್ಲಿಗೆ ಹೋಗಿ ಕೂತರು. ಪಕ್ಕದ ಕಲ್ಲನ್ನು ಅವನಿಗೆ ತೋರಿಸಿದರು.

“ಇಲ್ಲೇ ಕೂರಬೇಕಾ ಗುರುಗಳೇ?”

“ಸೈರನ್ ಕೂಗಿದ ತಕ್ಷಣ ಎದ್ದು ಹೋದರಾಯ್ತು. ಕೂಗಿದ ಮೇಲೂ ದಡ ಸೇರೋಕೆ ಬೇಕಾದಷ್ಟು ಹೊತ್ತಿರುತ್ತೆ ಅಂತ ನೀವೇ ಲೆಕ್ಕ ಹಾಕಿದ್ದಲ್ವಾ?”

ಅವನು ಕೂತ. ದಡದ ಮೇಲೆ ನಂದೀಶ, ಮಾದೇವಿ. ಮಾದೇವಿಯ ಕೈಯಲ್ಲಿ ಹಗ್ಗವಿತ್ತು. ಹಗ್ಗ ತರಲು ಅವಳಿಗೆ ಯಾರೂ ಹೇಳಿರಲಿಲ್ಲ.

ಬಿಸಿಲು ಚುರುಗುಟ್ಟುತ್ತಿತ್ತು. ನೀರು ತಿಳಿಯಾಗಿತ್ತು. ತಳದ ಮರಳು ಕಾಣುತ್ತಿತ್ತು. ಗುರು ಕಾಲು ಇಳಿಬಿಟ್ಟು, ಮೀನು ಬಂದು ಹಿಮ್ಮಡಿ ಕಚ್ಚುವುದನ್ನು ನೋಡುತ್ತಿದ್ದರು. ಇಂದುಧರ ಫೋನು ಅಂಗೈಯಲ್ಲಿ ಹಿಡಿದು ಕೂತಿದ್ದ.

ಬಹಳ ಹೊತ್ತಾಯಿತು.

ಮೀನುಗಳು ಹೋದವು.

ತಳದ ಮರಳು ಮಸುಕಾಯಿತು. ಎಲ್ಲಿಂದಲೋ ಒಣ ಎಲೆಗಳು, ಕಡ್ಡಿಗಳು ಬರತೊಡಗಿದವು. ನೀರು ಕೆಂಪಗೆ ತಿರುಗಿತು.

“ಗುರುಗಳೇ, ನೀರು ಏರ್ತಾ ಇದೆ.”

“ಸೈರನ್ ಕೂಗಿತಾ?”

“ಇಲ್ಲ.”

“ಹಾಗಾದರೆ ಏರಿಲ್ಲ. ಕೂತಿರು.”

ಅವನು ಕೂತ. ಆಚೆ ತುದಿಯ ತಗ್ಗು ಕಲ್ಲೊಂದು ಮುಳುಗಿತು. ಆಮೇಲೆ ಅದರ ಪಕ್ಕದ್ದು.

“ಗುರುಗಳೇ…”

“ಫೋನು ಬಡಿದುಕೊಳ್ತಾ?”

“ಇಲ್ಲ.”

“ಕೋಡಿನಲ್ಲಿ ಕೆಂಪು ಗೆರೆ ಇತ್ತಾ?”

“ಇರಲಿಲ್ಲ.”

“ಮತ್ತೆ?”

ನೀರು ಅವನ ಕಲ್ಲಿನ ಮೇಲೆ ಹರಿಯಿತು. ಕೂತಲ್ಲೇ ಪಂಚೆ ಒದ್ದೆಯಾಯಿತು. ಅವನು ಧಡಕ್ಕನೆ ಎದ್ದು ನಿಂತ. ಕಾಲು ಜಾರಿತು. ಗುರುಗಳ ಭುಜ ಹಿಡಿದು ನಿಂತುಕೊಂಡ.

“ಯಾಕೆ ಎದ್ದೆ?” ಎಂದರು ಗುರು. ಅವರು ಕೂತೇ ಇದ್ದರು.

“ನೀರು ಕಾಣಿಸ್ತಾ ಇದೆ ಗುರುಗಳೇ!”

“ಯಾರಿಗೆ?”

“ನನಗೆ! ನನ್ನ ಕಣ್ಣಿಗೆ!”

ಗುರು ಆಗ ಎದ್ದರು.

“ನಡಿ,” ಎಂದರು.

ಅಷ್ಟರಲ್ಲಿ ಮಾದೇವಿ ಹಗ್ಗದ ಒಂದು ತುದಿಯನ್ನು ಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಎಸೆದಿದ್ದಳು. ಇಬ್ಬರೂ ಅದನ್ನು ಹಿಡಿದರು. ಮುಳುಗಿದ ಕಲ್ಲುಗಳನ್ನು ಪಾದದಿಂದ ತಡವುತ್ತ ಬಂದರು. ನೀರು ಮೊಣಕಾಲು ಮುಟ್ಟಿತ್ತು. ಕೊನೆಯ ಕಲ್ಲಿನಿಂದ ಮಾದೇವಿ ಅವನ ತೋಳು ಹಿಡಿದು ದಡಕ್ಕೆ ಎಳೆದುಕೊಂಡಳು.

“ಏನು ದೊರೆ, ಒದ್ದೆಯಾದಿರಾ?”

ಅಂದಳೇನೋ ಸರಿ. ಅವನ ತೋಳನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಹೊಳೆ ಸಾಲುಗಲ್ಲುಗಳನ್ನು ಪೂರ್ತಿ ನುಂಗಿತು. ಸೈರನ್ ತನ್ನ ಕಂಬದ ಮೇಲೆ ಸುಮ್ಮನೆ ನಿಂತಿತ್ತು.

ಇಂದುಧರ ಕೇಳಿದ:

“ಗುರುಗಳೇ, ಕೂಗೋದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತೇ?”

“ಇಲ್ಲ.”

“ಗೊತ್ತಿಲ್ಲದೆ ಹೋಗಿ ಕೂತಿರಾ?”

“ಆಚೆಯವರಿಗೂ ಗೊತ್ತಿರೋದಿಲ್ಲ. ಅವರೂ ಹೆಜ್ಜೆ ಇಡ್ತಾರೆ.”

ಅವನು ಒದ್ದೆ ಪಂಚೆಯಲ್ಲೇ ಕಂಪ್ಯೂಟರಿನ ಮುಂದೆ ಕೂತ. ಮೊದಲು ನಿಯಮಗಳನ್ನು ತೆರೆದ. ಒಂದೊಂದನ್ನೂ ಮತ್ತೆ ಓಡಿಸಿದ. ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತಿದ್ದವು. ಯಾವುದೂ ಏನನ್ನೂ ತೋರಿಸಲಿಲ್ಲ. ಮತ್ತೊಮ್ಮೆ ಓಡಿಸಿದ.

ಮಾದೇವಿ ಹಿಂದೆ ಬಂದು ನಿಂತಿದ್ದಳು.

“ಅದನ್ನು ಬಿಡು,” ಎಂದಳು. “ಓದು.”

“ಏನು?”

“ಗಟ್ಟಿಯಾಗಿ ಓದು. ನಾನು ಬರೆದದ್ದು, ನಂದೀಶ ತಿದ್ದಿದ್ದು. ಇಬ್ಬರೂ ಇಲ್ಲೇ ಇದ್ದೀವಿ.”

ಅವನು ಓದತೊಡಗಿದ. ಯಂತ್ರ ನೀರಿನ ಎತ್ತರ ಕೇಳುವ ಸಾಲುಗಳು ಮುಗಿದವು. ಮುಂದಿನ ಸಾಲಿಗೆ ಬಂದ.

“ನೀರು ಮಿತಿ ಮುಟ್ಟಿದರೆ ಸೈರನ್ ಕೂಗಿಸು.”

“ನಿಲ್ಲು. ಮಿತಿ ಎಷ್ಟು?” ಎಂದಳು ಮಾದೇವಿ.

ಅವನು ಮೇಲೆ ನೋಡಿದ. “ಇಪ್ಪತ್ತು.”

“ಇಪ್ಪತ್ತು ಏನು?”

ಇಂದುಧರ ಆ ಸಾಲಿನ ಮೇಲೆ ಬೆರಳಿಟ್ಟ.

“ನಿಮಿಷ,” ಎಂದ ನಂದೀಶ, ಕೇಳಿಸಿತೋ ಇಲ್ಲವೋ ಎಂಬಂತೆ.

ಮಾದೇವಿ ಅವನ ಕಡೆ ತಿರುಗಿದಳು, ಮತ್ತೆ ಪರದೆಯ ಕಡೆ ನೋಡಿದಳು.

“ನೀರು ಇಪ್ಪತ್ತು ಅಡಿ ಏರಲಿ ಅಂತ ಕಾಯ್ತಾ ಕೂತಿದೆ,” ಎಂದಳು. “ಯಂತ್ರ ಕಟ್ಟಿರೋ ಬಂಡೆಯೇ ಇಪ್ಪತ್ತಡಿ ಇಲ್ಲವಲ್ಲೋ.”

ಮಿತಿಯನ್ನು ಒಡೆದು ಮತ್ತೆ ಎರಡು ಹೆಸರು ಮಾಡಿದರು. ಒಂದು ನೀರಿನದು, ಒಂದು ಗಡಿಯಾರದ್ದು. ಅಷ್ಟು ಮಾಡಲು ಸ್ವಲ್ಪವೇ ಹೊತ್ತು ಸಾಕಾಯಿತು. ಹೊಸದನ್ನು ಕಳಿಸಿದ ಕ್ಷಣವೇ ಸೈರನ್ ಕೂಗತೊಡಗಿತು. ಯಾರೂ ಇಲ್ಲದ ಹೊಳೆಯ ಮೇಲೆ ಅದು ಕೂಗುತ್ತಲೇ ಇತ್ತು. ನಂದೀಶ ಎರಡೂ ಕಿವಿ ಮುಚ್ಚಿಕೊಂಡ.

ಸಂಜೆ ಇಂದುಧರ ಗುರುಗಳನ್ನು ಹುಡುಕಿಕೊಂಡು ಹೋದ. ಅವರು ಒದ್ದೆ ಸೀರೆಯನ್ನು ತಂತಿಯ ಮೇಲೆ ಹರವಲು ಹೊರಟಿದ್ದರು.

“ಗುರುಗಳೇ, ಈ ತಪ್ಪು ಇನ್ನು ಮೇಲೆ ಬರೋದಿಲ್ಲ. ಮೂರನೆಯ ನಿಯಮ ತೆಗೆದೆ. ಅದರ ಬದಲು ಹೊಸದು ಬರೆದಿದ್ದೇನೆ. ಅಂಕಿಗೆ ಇಡುವ ಹೆಸರು ‘ಅಡಿ’ ಅಂತಲೋ ‘ನಿಮಿಷ’ ಅಂತಲೋ ಕೊನೆಯಾಗಲೇಬೇಕು. ಇಲ್ಲವಾದರೆ ಕೆಂಪು ಗೆರೆ.”

“ಒಳ್ಳೆಯ ನಿಯಮ. ಇಟ್ಟುಕೋ.”

ಅವನಿಗೆ ಬೈಗುಳ ಬೇಕಿತ್ತು. ಅದು ಬರಲಿಲ್ಲ.

“ಉಳಿದ ನಿಯಮಗಳನ್ನು ತೆಗೆದುಹಾಕಲೇ?”

“ಯಾಕೆ? ಅವು ನೀನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿವೆ. ಆ ಸೀರೆಯ ತುದಿ ಹಿಡಿ.”

ಅವನು ತುದಿ ಹಿಡಿದ. ಇಬ್ಬರೂ ಜಗ್ಗಿ ನೀರು ಹಿಂಡಿದರು.

“ಮಾದೇವಿ ಅವತ್ತೇ ಹೇಳಿದ್ದಳು ಗುರುಗಳೇ. ಎರಡು ಐದೂ ಬೇರೆ ಬೇರೆ ಅಂತ. ನನಗೂ ಕಂಡಿತ್ತು. ಗೆರೆ ಹೋಗೋ ಹಾಗೆ ಬರಿ ಅಂದೆ.”

ಗುರು ಸೀರೆಯ ಸುಕ್ಕು ಬಿಡಿಸುತ್ತಿದ್ದರು.

“ಇವತ್ತು ಸಂಜೆ ಓದೋಣ ಅಂತ ಅವರಿಬ್ಬರನ್ನೂ ಕೇಳಿಕೊಂಡೆ,” ಎಂದ ಇಂದುಧರ. “ಮೊದಲ ಸಾಲಿನಿಂದ. ಮಾದೇವಿ ಒಪ್ಪಿದಳು. ನಂದೀಶ ಕಂಬ ಬಿಟ್ಟು ಕೂರ್ತಾನಂತೆ.”

“ಕೂರಲಿ.”

ಅವನು ಹೋಗಲಿಲ್ಲ. ತಂತಿಯ ಪಕ್ಕದಲ್ಲೇ ನಿಂತ. ಕೆಳಗೆ ಹೊಳೆ ಇಳಿಯತೊಡಗಿತ್ತು. ಸಾಲುಗಲ್ಲುಗಳ ತಲೆಗಳು ಒಂದೊಂದಾಗಿ ಕಾಣುತ್ತಿದ್ದವು. ಆಚೆ ದಡದಲ್ಲಿ ಯಾರೋ ತಲೆಯ ಮೇಲೆ ಗಂಟು ಹೊತ್ತು ನೀರು ಇನ್ನೂ ಇಳಿಯಲೆಂದು ಕಾಯುತ್ತಿದ್ದರು.

“ಗುರುಗಳೇ, ಇಂಥ ತಪ್ಪುಗಳು ಕೋಡಿನಲ್ಲಿ ಇನ್ನೂ ಎಷ್ಟು ಉಳಿದಿರಬಹುದು?”

“ಗೊತ್ತಿಲ್ಲಪ್ಪ,” ಎಂದರು ಗುರು. “ನನಗೆ ಗೊತ್ತಿರೋ ಲೆಕ್ಕ ಒಂದೇ: ಈ ಕಲ್ಲುಗಳ ಮೇಲೆ ದಿನಾ ದಾಟುವವರು ಮೂವತ್ತಾರು ಜನ.”